ಅರ್ಧಕ್ಕೆ ನಿಂತ ಗಿಣಿ ಅಂಚು

ನನ್ನ ಗಂಡ ಹರ್ಷವರ್ಧನ್ ರೇಷ್ಮೆ ಸೀರೆಯ ಅಂಚುಗಳನ್ನು ಕಂಪ್ಯೂಟರಿನಲ್ಲಿ ಬರೆದು, ತನ್ನ ಮಗ್ಗದಲ್ಲೇ ನೇಯುತ್ತಿದ್ದ. ಯಳಂದೂರು ರಸ್ತೆಯ ಅಪಘಾತದಲ್ಲಿ ಅವನು ತೀರಿಕೊಂಡಾಗ ಗಿಣಿಗಳ ಅಂಚೊಂದರ ಚಿತ್ರ ಅರ್ಧಕ್ಕೆ ನಿಂತಿತ್ತು. ಅಷ್ಟನ್ನಾದರೂ ನೇಯಬೇಕೆಂಬುದು ಅತ್ತೆಯ ಆಸೆ, ನನ್ನದೂ. ಹಳೆಯ ಕಂಪ್ಯೂಟರ್ ಕೆಟ್ಟಿತ್ತು. ಬಿಡಿಭಾಗ ತರಿಸಿ ನಾನೇ ಹೊಸದನ್ನು ಜೋಡಿಸಿ, ಆ ಚಿತ್ರವಿದ್ದ ಅವನ ಹಾರ್ಡ್‌ಡಿಸ್ಕನ್ನು ಅದಕ್ಕೆ ಹಾಕಿದೆ.

ಅದು ಆನ್ ಆಗಲಿಲ್ಲ. ರ‍್ಯಾಮ್ ಕಿತ್ತು ಮತ್ತೆ ಕೂರಿಸಿದೆ, ವೈರುಗಳನ್ನೆಲ್ಲ ಒತ್ತಿ ನೋಡಿದೆ. ಎಷ್ಟು ಸಲ ಬಟನ್ ಒತ್ತಿದರೂ ಫ್ಯಾನ್ ಅಲುಗಲಿಲ್ಲ. ಪಕ್ಕದ ಕೋಣೆಯಲ್ಲಿ ನಿಂತುಹೋಗಿದ್ದ ಮಗ್ಗ ಮಾತ್ರ ಪ್ರತಿ ಸಲವೂ ಒಮ್ಮೆ ಟಕ್ಕೆನ್ನುತ್ತಿತ್ತು.

“ಅತ್ತೆ, ಮಗ್ಗ ಮುಟ್ಟಿದ್ರಾ?”

“ನಾನ್ಯಾಕವ್ವ ಮುಟ್ಟಲಿ? ಇಲ್ಲಿ ಒಲೆ ಮುಂದೆ ಕುಂತಿವ್ನಿ.”

ಮಟಮಟ ಮಧ್ಯಾಹ್ನ. ಕಂಪ್ಯೂಟರಿನ ತಗಡು ಬಾವಿಯ ಕಲ್ಲಿನಂತೆ ತಣ್ಣಗಿತ್ತು.

ನಮ್ಮಲ್ಲಿ ಹೊಸ ಹಾಸಿನ ಉದ್ದನೆಯ ಎಳೆಗಳನ್ನು ಮಗ್ಗದಲ್ಲುಳಿದ ಹಳೆಯ ಎಳೆಗಳಿಗೆ ಹೊಸೆದೇ ನೇಯ್ಗೆ ಶುರು ಮಾಡುವುದು. ಅತ್ತೆ ಹರ್ಷನ ಮಗ್ಗದಿಂದ ಎಳೆಯೊಂದನ್ನು ತಂದು ಕಂಪ್ಯೂಟರಿನ ವೈರಿಗೆ ಹೊಸೆದರು.

“ಇದೇನ್ ಮಗ್ಗನಾ ಅತ್ತೆ?”

“ಓದ್ದೋಳು ನೀನು ಬೆಳಗಿಂದ ಏನ್ ಕಿಸ್ದೆ? ಒತ್ತು.”

ಒತ್ತಿದೆ. ಫ್ಯಾನ್ ತಿರುಗಿತು. ಚಿತ್ರ ತೆರೆದರೆ ಅಂಚು ಪೂರ್ತಿಯಾಗಿತ್ತು, ಒಂದು ಗಿಣಿಯೂ ಬಾಕಿಯಿರಲಿಲ್ಲ. ಹರ್ಷನೇ ಮುಗಿಸಿದ್ದಾನೆ ಎನಿಸಿ ಎಷ್ಟೋ ತಿಂಗಳ ಮೇಲೆ ನನಗೆ ಅಳು ಬಂತು.

ಅತ್ತೆ ಗಿಣಿಗಳ ಮೇಲೆ ಒಂದೊಂದಾಗಿ ಬೆರಳಿಡುತ್ತ ಹೋದರು. ಅರ್ಧಕ್ಕೆ ಬಂದಾಗ ಬೆರಳು ನಿಂತಿತು.

“ಇಲ್ಲಿಗಂಟ ನನ್ ಮಗಂದು,” ಎಂದರು. “ಇಲ್ಲಿಂದಾಚೆಗೆ ಅವ್ನ ಕೈ ಅಲ್ಲ ಕಣವ್ವ.”