ಐದನೆಯ ಶೀಷೆಯ ಬಣ್ಣ

ಪ್ರಯೋಗಶಾಲೆಯ ನೆಲದ ಮೇಲೆ ವಯಸ್ಸಾದ ಮಹಿಳಾ ವಿಜ್ಞಾನಿ ಬೋರಲಾಗಿ ಬಿದ್ದಿದ್ದರು. ಹಿಂದಲೆಗೆ ಬಲವಾದ ಏಟು. ಪಕ್ಕದಲ್ಲೊಂದು ಕಬ್ಬಿಣದ ಸರಳು. ಮೇಜಿನ ಮೇಲೆ ಸಾಲಾಗಿ ಐದು ಶೀಷೆಗಳು. ನಾಲ್ಕು ತುಂಬಿದ್ದವು, ಐದನೆಯದು ಅರ್ಧಕ್ಕೇ ನಿಂತಿತ್ತು.

ಇನ್ಸ್‌ಪೆಕ್ಟರ್ ಮಂಡಿಯೂರಿ ಕುಳಿತರು. ಮೇಜಿನ ಮೂಲೆಯಲ್ಲಿ ಒಂದು ಲೋಟ, ಒಂದು ಚಮಚ. ಹೆಂಡತಿ ತೀರಿಕೊಂಡು ಆರು ವರ್ಷವಾಗಿದ್ದ ಇನ್ಸ್‌ಪೆಕ್ಟರರ ಅಡುಗೆಮನೆಯಲ್ಲೂ ದಿನವೂ ತೊಳೆಯಬೇಕಾದದ್ದು ಅಷ್ಟೇ.

"ಮೊದಲು ನೋಡಿದ್ದು ಯಾರು?"

"ನಾನು ಸಾರ್," ಎಂದಳು ಸಹಾಯಕಿ. "ಸಂಜೆ ಐದೂ ನಲವತ್ತಕ್ಕೆ ಬಂದೆ. ಒಲೆ ಮೇಲೆ ಫ್ಲಾಸ್ಕ್ ಕಾಯ್ತಾನೇ ಇತ್ತು. ಇಳಿಸಿದೆ. ಆಮೇಲೆ ಸರಳು ಎತ್ತಿ ಪಕ್ಕಕ್ಕಿಟ್ಟೆ."

"ಅದನ್ನ ಯಾಕಮ್ಮ ಮುಟ್ಟಿದ್ರಿ?"

"ಅಮ್ಮನ ಕೈ ಮೇಲೆ ಬಿದ್ದಿತ್ತು," ಎಂದು ಅವಳು ನೆಲದ ಮೇಲಿದ್ದವರ ಕಡೆ ನೋಡಿದಳು. " ನೋವಾಗುತ್ತೆ ಅನ್ನಿಸ್ತು."

ಬಾಗಿಲ ಬಳಿ ನಿಂತಿದ್ದವನು ನಕ್ಕ. ಸತ್ತವರ ಅಣ್ಣನ ಮಗ. ಪ್ರಯೋಗಗಳ ಅಳತೆಯ ಅಂಕಿಗಳನ್ನು ಬರೆದಿಡುವವನು. ಆಕೆಗಿದ್ದ ಒಬ್ಬನೇ ಬಂಧು.

"ನೋವಂತೆ! ಮೊನ್ನೆ ಬೀದಿಗೆ ಕೇಳಿಸೋ ಹಾಗೆ ಅತ್ತೆ ಜೊತೆ ಜಗಳ ಆಡಿದ್ದು ಇವಳೇ ಸಾರ್."

"ನೀವೆಲ್ಲಿದ್ರಿ?"

"ಐದೂ ಹನ್ನೊಂದಕ್ಕೇ ಕೆಳಗಿನ ಕೋಣೆಗೆ ಹೋದೆ. ಅತ್ತೆ ಮೊದಲನೇ ಶೀಷೆ ತುಂಬಿಸ್ತಿದ್ರು. ಹಚ್ಚ ಹಸಿರು. ಮತ್ತೆ ಈ ಕಡೆ ತಲೆ ಹಾಕಿಲ್ಲ."

ಅವನ ಬಿಳಿ ಕೋಟಿನ ಬಲತೋಳು ಒದ್ದೆಯಾಗಿತ್ತು. ಇನ್ಸ್‌ಪೆಕ್ಟರ್ ಅದನ್ನು ನೋಡಿದರು. ನೋಡದವರಂತೆ ಇಬ್ಬರ ಕೋಟುಗಳನ್ನೂ ಸಹಾಯಕಿಯ ಕೈಗವಸುಗಳನ್ನೂ ಸಾಕ್ಷ್ಯವಾಗಿ ಕಟ್ಟಿಸಿಟ್ಟರು.

* * *

ಬೆಳಗಾಗುವಷ್ಟರಲ್ಲಿ ಸರಳಿನ ಮೇಲೆ ಸಹಾಯಕಿಯ ಗವಸಿನ ಗುರುತು ಮಾತ್ರ ಸಿಕ್ಕಿತು. ಮೇಲಧಿಕಾರಿಗೆ ಅಷ್ಟೇ ಸಾಕಾಗಿತ್ತು. ಸಂಜೆಯೊಳಗೆ ಅವಳನ್ನು ಜೈಲಿಗೆ ಕಳುಹಿಸಬೇಕೆಂದು ಆಜ್ಞೆಯಾಯಿತು.

"ಜಗಳ ಯಾಕೆ?" ಇನ್ಸ್‌ಪೆಕ್ಟರ್ ಕೇಳಿದರು.

"ಮನೆಗೆ ಹೋಗಿ ಮಲಗಿ ಅಂದೆ. ಮನೇಲಿ ಯಾರಿದ್ದಾರೆ ಅಂತ ಹೋಗ್ಲಿ ಅಂತ ರೇಗಿದ್ರು."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು.

"ಆ ಶೀಷೆಗಳಲ್ಲಿ ಇರೋದೇನು? ನನ್ನಂಥ ದಡ್ಡನಿಗೂ ತಿಳಿಯೋ ಹಾಗೆ ಹೇಳಿ."

"ಹರಳುಗಳು ಸಾರ್. ಕ್ವಾಂಟಮ್ ಡಾಟ್ ಅಂತಾರೆ. ಒಂದು ಕೂದಲಿನ ಅಗಲಕ್ಕೆ ಹತ್ತು ಸಾವಿರ ಸಾಲಾಗಿ ನಿಲ್ಲಿಸಬಹುದು. ಅಷ್ಟು ಇಕ್ಕಟ್ಟಲ್ಲಿ ಎಲೆಕ್ಟ್ರಾನಿಗೆ ಮಗ್ಗಲು ಬದಲಿಸೋಕೂ ಜಾಗ ಇರಲ್ಲ. ಹರಳು ಚಿಕ್ಕದಾದಷ್ಟೂ ಅದು ಬಿಡೋ ಬೆಳಕಿನ ಶಕ್ತಿ ಹೆಚ್ಚು: ನೀಲಿ, ಹಸಿರು. ದೊಡ್ಡದಾದ್ರೆ ಕಿತ್ತಳೆ, ಕೆಂಪು. ಪದಾರ್ಥ ಮಾತ್ರ ಒಂದೇ."

"ದೊಡ್ಡದು ಮಾಡೋದು ಹೇಗೆ?"

"ಕಾವಿರೋವರೆಗೂ ತಾನಾಗೇ ಬೆಳೆಯುತ್ತೆ. ಅದಕ್ಕೇ ಸಿರಿಂಜಲ್ಲಿ ನಿಮಿಷಕ್ಕೊಂದು ಶೀಷೆ ತೆಗೆದಿಡ್ತೀವಿ. ತೆಗೆದ ತಕ್ಷಣ ತಣ್ಣಗಾಗುತ್ತೆ. ಬೆಳವಣಿಗೆ ಅಲ್ಲಿಗೇ ನಿಲ್ಲುತ್ತೆ."

"ಅಂದ್ರೆ ಬಣ್ಣ ನೋಡಿ ಹೊತ್ತು ಹೇಳಬಹುದು."

ಅವಳು ತಲೆಯೆತ್ತಿದಳು.

"ಇದನ್ನ ಟಿವಿ ಪರದೆಗೆ ಹಾಕ್ತಾರೆ ಸಾರ್. ಅಮ್ಮಂಗೆ ಅದು ಬೇಡವಾಗಿತ್ತು. ಕ್ಯಾನ್ಸರ್ ಗಡ್ಡೆಗೆ ಅಂಟಿ ಹೊಳೆಯೋ ಹರಳು ಬೇಕಿತ್ತು. ಕೊಯ್ಯೋ ಡಾಕ್ಟರಿಗೆ ಗಡ್ಡೆಯ ಅಂಚು ಕಾಣ್ಲಿ ಅಂತ. ಆ ಅಂಚು ಕಾಣದೇ, ಗಡ್ಡೆ ಪೂರ್ತಿ ತೆಗೆಯೋಕಾಗದೇ ಅವರ ತಂಗಿ ತೀರಿಕೊಂಡ್ರಂತೆ."

* * *

ಮಧ್ಯಾಹ್ನ ಪ್ರಯೋಗಶಾಲೆಯ ಪರದೆಗಳನ್ನು ಎಳೆಯಲಾಯಿತು. ಸಹಾಯಕಿಯನ್ನೂ ಅಣ್ಣನ ಮಗನನ್ನೂ ಎದುರು ನಿಲ್ಲಿಸಿಕೊಂಡು ಇನ್ಸ್‌ಪೆಕ್ಟರ್ ನೇರಳಾತೀತ ದೀಪ ಹಿಡಿದರು.

ಶೀಷೆಗಳು ಬೆಳಗಿದವು. ಹಸಿರು, ತಿಳಿಹಸಿರು, ಹಳದಿ, ಹೊಂಬಣ್ಣ. ಐದನೆಯದು ಕಿತ್ತಳೆ.

"ಫ್ಲಾಸ್ಕಲ್ಲಿ ಹರಳು ಬೆಳೆಯೋಕೆ ಶುರುವಾದ ಹೊತ್ತು ಅವರ ಟಿಪ್ಪಣಿ ಪುಸ್ತಕದಲ್ಲಿದೆ. ಐದೂ ಹತ್ತು. ನಿಮಿಷಕ್ಕೊಂದರಂತೆ ಐದನೇ ಶೀಷೆ ಐದೂ ಹದಿನೈದಕ್ಕೆ. ಅದು ಅರ್ಧ ತುಂಬಿದಾಗ ಏಟು ಬಿದ್ದಿದೆ." ಅವರು ದೀಪವನ್ನು ಸಹಾಯಕಿಯ ಗವಸಿನ ಕಡೆ ತಿರುಗಿಸಿದರು. ಬೆರಳ ತುದಿಗಳು ಕೆಂಡದಂತೆ ಕೆಂಪಾದವು. "ಈಕೆ ಮುಟ್ಟಿದ್ದು ಅರ್ಧ ಗಂಟೆ ಕಾದ ಫ್ಲಾಸ್ಕನ್ನ. ಹೇಳಿದ ಹೊತ್ತಿಗೇ ಬಂದಿದ್ದಾರೆ. ಈಗ ನಿಮ್ಮ ಕೋಟು."

ತೋಳಿನ ಅಂಚಿನಲ್ಲಿ ಮೂರು ಚುಕ್ಕೆಗಳು. ಕಿತ್ತಳೆ.

"ಹಳೇ ಕಲೆ ಇರಬೇಕು," ಎಂದ ಅಣ್ಣನ ಮಗ.

"ಆ ಕೋಟು ಹೊಸದು, ನೆನ್ನೆ ಬೆಳಿಗ್ಗೆ ಕೊಟ್ಟಿದ್ದಂತೆ. ನೆನ್ನೆ ಕಾಸಿದ್ದು ಇದೊಂದೇ ಫ್ಲಾಸ್ಕ್. ಹಸಿರು ನೋಡಿ ಹೋದವನ ತೋಳಿಗೆ ಕಿತ್ತಳೆ ಹಾರಿದ್ದು ಹೇಗಪ್ಪಾ?"

"ನಾನು ತೊಳೆದೆನಲ್ಲ..." ಮಾತು ಬಾಯಿಂದ ಜಾರಿಹೋಗಿತ್ತು.

"ಇದು ನೀರಿಗೆ ಬಿಡೋ ಜಾತಿಯಲ್ಲ," ಎಂದಳು ಸಹಾಯಕಿ ಮೆಲ್ಲಗೆ. "ಒಂದು ದಿನವಾದ್ರೂ ಶೀಷೆ ತೊಳೆದಿದ್ರೆ ಗೊತ್ತಿರೋದು."

ಇನ್ಸ್‌ಪೆಕ್ಟರ್ ಸತ್ತವರ ಪುಸ್ತಕದ ಕೊನೆಯ ಸಾಲನ್ನು ಓದಿದರು: 'ಈ ಅಂಕಿಗಳು ಅಳೆದವಲ್ಲ, ಹೆಣೆದವು. ನಾಳೆ ಸಮಿತಿಗೆ ತಿಳಿಸುವೆ.'

ಅವನು ಕುರ್ಚಿಯಲ್ಲಿ ಕುಸಿದ. "ಕಾಲು ಹಿಡಿದೆ ಸಾರ್. 'ನಿನಗೆ ಇನ್ಯಾರಿದ್ದಾರೆ ಅತ್ತೆ, ನಾನೊಬ್ಬನೇ ಅಲ್ವಾ' ಅಂದೆ. ಬೆನ್ನು ಹಾಕ್ಕೊಂಡು ಶೀಷೆ ತುಂಬಿಸ್ತಾನೇ ಇದ್ರು. 'ಸುಳ್ಳು ಅಂಕಿ ನಂಬಿ ಯಾರದೋ ಮೈ ಕೊಯ್ತಾರೆ ಕಣೋ', ಅವರು ಅಷ್ಟೇ ಅಂದಿದ್ದು."

* * *

ಸಂಜೆ ಸಹಾಯಕಿ ಶವಾಗಾರದ ಕಿಟಕಿಯ ಮುಂದೆ ನಿಂತಿದ್ದಳು. ದೇಹ ಪಡೆಯಲು ಬೇರೆ ಯಾರೂ ಇರಲಿಲ್ಲ. ಅರ್ಜಿಯಲ್ಲಿ 'ಮೃತರಿಗೆ ಏನಾಗಬೇಕು' ಎಂಬ ಅಂಕಣದ ಮೇಲೆ ಪೆನ್ನು ನಿಂತುಬಿಟ್ಟಿತ್ತು.

"ಏನಂತ ಬರೀಲಿ ಸಾರ್?"

"ನೀವು ಅವರನ್ನ ಏನಂತ ಕರೀತಿದ್ರಿ?"

ಅವಳು 'ಮಗಳು' ಎಂದು ಬರೆದಳು. ಗುಮಾಸ್ತ ಕತ್ತೆತ್ತಿ ನೋಡಿದ. ಇನ್ಸ್‌ಪೆಕ್ಟರ್ ಕೆಳಗೆ ಸಾಕ್ಷಿ ಸಹಿ ಹಾಕಿದರು.

ಮನೆಗೆ ಬಂದು ದೀಪ ಹಾಕಿದರು. ಬೆಳಿಗ್ಗೆ ತೊಳೆದಿಟ್ಟಿದ್ದ ಲೋಟ, ಚಮಚ ಇಟ್ಟಲ್ಲೇ ಇದ್ದವು. ತಮ್ಮ ಹೆಸರಿನ ಅಂಥದೇ ಅರ್ಜಿಯೊಂದು ಅವರ ಕಣ್ಣ ಮುಂದೆ ಬಂತು. ಎಲ್ಲ ಅಂಕಣಗಳೂ ತುಂಬಿದ್ದವು, ಒಂದನ್ನು ಬಿಟ್ಟು.