ಮಲಗುವ ಗಾಡಿ ಬಾಡಿಗೆಗೆ ಇದೆ

"ಯಾರರೆ ಅದೀರೇನ್ರಿ? ಮಾಲಕರ ಭೆಟ್ಟಿ ಆಗ್ಬೇಕಾಗಿತ್ತು..."

ಮಚ್ಛೆ ಊರಿನ ಆ ತಗಡಿನ ಶೆಡ್ಡಿನಲ್ಲಿ ಯಾರೂ ಕಾಣಲಿಲ್ಲ. ನೀಲಿ ಬಣ್ಣದ ಒಂದು ಮೆಟಡೋರ್ ನಿಂತಿತ್ತು. ಅದರ ಕೆಳಗಿನಿಂದ ಎರಡು ಬರಿಗಾಲು ಹೊರಗೆ ಚಾಚಿದ್ದವು. ಆ ಕಾಲುಗಳಲ್ಲಿ... ಬೆಳ್ಳಿಯ ಸಣ್ಣ ಗೆಜ್ಜೆ!

ಕೂಗುತ್ತ ಬಂದಿದ್ದ ನಾಗಲಿಂಗ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ.

"ಹದಿನಾಲ್ಕನೇ ನಂಬರ್ ಪಾನಾ ಕೊಡ್ರಿ." ಗಾಡಿಯ ಅಡಿಯಿಂದ ಹೆಣ್ಣು ದನಿ. ಹಿಂದೆಯೇ ಒಂದು ಕೈ. ಮೊಣಕೈತನಕ ಎಣ್ಣೆಯ ಮಸಿ, ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆ.

ನೆಲದ ಮೇಲೆ ಹರಡಿದ್ದ ಸ್ಪ್ಯಾನರುಗಳಲ್ಲಿ ಒಂದನ್ನು ಎತ್ತಿ ಅವನು ಆ ಕೈಗಿಟ್ಟ.

"ಇದು ಹನ್ನೆರಡು!"

ಸರ್ರನೆ ಅವಳು ಹೊರಗೆ ಬಂದಳು. ಕೆನ್ನೆಯ ಮೇಲೆ ಕಪ್ಪು ಗೀರು, ಸೊಂಟಕ್ಕೆ ಬಿಗಿದ ಸೆರಗು, ಸಿಟ್ಟು ತುಂಬಿದ ದೊಡ್ಡ ಕಣ್ಣು. ಅವನನ್ನು ನೋಡಿದ್ದೇ ಆ ಸಿಟ್ಟು ಅರ್ಧಕ್ಕೇ ನಿಂತಿತು. ಯಾಕೋ ಅವಳಿಗೇ ತಿಳಿಯಲಿಲ್ಲ.

"ಮಾಲಕರು..." ಎಂದ ಅವನು.

"ನಾನ."

ನಾಗಲಿಂಗ ಏನೋ ಹೇಳಲು ಬಾಯಿ ತೆರೆದ. ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯಿತು. ಬೇರೆಯದೇ ಮಾತು ಹೊರಬಂತು.

"ಪೇಪರಿನ್ಯಾಗ ಜಾಹೀರಾತು ನೋಡಿದೆ. ಮಲಗುವ ಗಾಡಿ ಬಾಡಿಗೆಗೆ ಇದೆ ಅಂತ... ನಾ ಸಾಲ್ಯಾಗ ಚಿತ್ರಕಲಾ ಮಾಸ್ತರ್ರಿ. ದಸರಾ ಸೂಟಿಯೊಳಗ ಹಲಸಿ ಗುಡಿ ಚಿತ್ರಾ ತೆಗೀಬೇಕು. ದಿನಾ ಬಸ್ಸಿಗೆ ಹೋಗಿ ಬರೂದ್ರಾಗ ಬೆಳಗಿನ ಬೆಳಕ ಹೋಗಿರ್ತೈತಿ."

"ಚಾವಿ ನಾ ಯಾರ ಕೈಯಾಗೂ ಕೊಡೂದಿಲ್ಲ. ಗಾಡಿ ನಾನ ಬಿಟ್ಟು ಬರ್ತೇನಿ, ನಾನ ತರ್ತೇನಿ."

"ಛಲೋ ಆತು ಬಿಡ್ರಿ. ನನಗ ಗಾಡಿ ಹೊಡಿಯಾಕ ಬರೂದೂ ಇಲ್ಲ!"

ಅವಳಿಗೆ ನಗು ಬಂತು. ನಗಬಾರದೆಂದುಕೊಂಡರೂ ಬಂದೇಬಿಟ್ಟಿತು.

ಅದು ೧೯೮೩ರ ಅಕ್ಟೋಬರ್.

ಅವಳ ಹೆಸರು ಕಾಶವ್ವ. ವಯಸ್ಸು ಇಪ್ಪತ್ತೇಳು. ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಟೈಪಿಸ್ಟ್. ತಂದೆ ಬಸಯ್ಯ ಲಾರಿಗಳಿಗೆ ಬಾಡಿ ಕಟ್ಟುವವರು. ತಾಯಿಯಿಲ್ಲದ ಹುಡುಗಿ ಆ ಶೆಡ್ಡಿನ ಮರದ ಹೊಟ್ಟು, ಬಣ್ಣದ ಡಬ್ಬಿಗಳ ನಡುವೆಯೇ ಬೆಳೆದಳು. ಬರಿಯ ಎಲುಬಿನಂತೆ ಬಂದ ಲಾರಿಗಳು ಮೈತುಂಬಿಕೊಂಡು, ಹಣೆಗೆ ಬಣ್ಣ ಹಚ್ಚಿಕೊಂಡು ಎಲ್ಲೆಲ್ಲಿಗೋ ಹೋಗಿಬಿಡುತ್ತಿದ್ದವು. ಅವಳು ಮಾತ್ರ ಅಲ್ಲೇ ಉಳಿಯುತ್ತಿದ್ದಳು.

ಒಂದು ದಿನ ಬ್ರೆಡ್ ಸಾಗಿಸುತ್ತಿದ್ದ ಹಳೆಯ ಮೆಟಡೋರ್ ಗುಜರಿಗೆ ಹೊರಟಿತ್ತು. ತನ್ನ ಪಗಾರದಲ್ಲಿ ಉಳಿಸಿದ್ದನ್ನೆಲ್ಲ ಕೊಟ್ಟು ಅದನ್ನು ತಂದಳು. ಅಪ್ಪ-ಮಗಳು ಸೇರಿ ಮೂರು ವರ್ಷ ದುಡಿದರು. ಸಾಗವಾನಿ ಮಂಚ, ಸೀಮೆಎಣ್ಣೆ ಸ್ಟೋವಿಗೊಂದು ಗೂಡು, ನೀರಿನ ಸಣ್ಣ ಟಾಕಿ, ಮಲಗಿದಲ್ಲಿಂದಲೇ ಆಕಾಶ ಕಾಣುವಷ್ಟು ಅಗಲದ ಹಿಂಬಾಗಿಲು!

ಆದರೆ ಕಟ್ಟುವುದು ಬೇರೆ, ಸಾಕುವುದು ಬೇರೆ. ತೆರಿಗೆ, ವಿಮೆ, ಟೈರು... ಟೈಪಿಸ್ಟ್ ಪಗಾರಕ್ಕೆ ನಿಲುಕಲಿಲ್ಲ. ಹಾಗಾಗಿ ಬಾಡಿಗೆಗೆ ಬಿಟ್ಟಳು. ಹೊಸದಾಗಿ ಮದುವೆಯಾದ ಜೋಡಿಯೊಂದು ಗೋವೆಗೆ ಹೋಗಿಬಂತು. ಸವದತ್ತಿಗೆ ಹೋದ ಕುಟುಂಬ ಗಾಡಿಯ ತುಂಬ ಭಂಡಾರದ ಅರಿಶಿನ ಚೆಲ್ಲಿ ತಂದಿತು. ಹಾಸಿಗೆ, ನೆಲ, ಸ್ಟೋವು ಎಲ್ಲ ಹಳದಿ! ತಿಕ್ಕಿ ತಿಕ್ಕಿ ತೊಳೆಯುವಾಗಲೂ ಅವಳಿಗೆ ಖುಷಿಯೇ. ತನ್ನ ಗಾಡಿ ಊರು ನೋಡಿ ಬಂದಿತ್ತಲ್ಲ. ಆದರೆ ಅಂದಿನಿಂದ ಚಾವಿ ಮಾತ್ರ ಬೇರೆಯವರ ಕೈಗೆ ಕೊಡಲಿಲ್ಲ.

ಊರವರಿಗೆ ಮಾತ್ರ ಅದೊಂದು ಬಾಯಿಗೆ ಸಿಕ್ಕ ಎಲೆಅಡಿಕೆ. "ಹೆಣ್ಣುಮಗಳು ಗಾಡ್ಯಾಗ ಮಲಗ್ತಾಳಂತ!"

ಹಿಂದಿನ ವರ್ಷ ದೀಪಾವಳಿಗೆ ಮುಂಚೆ ಒಂದು ಸಂಬಂಧ ಬಂದಿತ್ತು. ಮದುವೆ ಕೂಡಿಸುವ ಸಾತಪ್ಪ ಅವಳ ಫೋಟೊ ಒಯ್ದಿದ್ದ. ಎಂಟೇ ದಿನಕ್ಕೆ ಫೋಟೊ ವಾಪಸು ಬಂತು. ಜೊತೆಗೊಂದು ಮಾತು: 'ಗಾಡಿ ಮಾರಿದರೆ ಮುಂದಿನ ಮಾತು.'

"ಒಲ್ಲೆ ಅಂದವರ ಹೆಸರು ತಗೊಂಡು ಏನ ಮಾಡೂದೈತಿ?" ಎಂದಿದ್ದರು ಬಸಯ್ಯ. ಕಾಶವ್ವನೂ ಕೇಳಲಿಲ್ಲ. ಕೇಳಲಿಲ್ಲ, ನಿಜ... ಆದರೆ ಆ ಫೋಟೊವನ್ನು ಮತ್ತೆ ಯಾರಿಗೂ ಕೊಡಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ಹೊರಟರು.

ಖಾನಾಪುರದ ರಸ್ತೆಯಲ್ಲಿ ಮಂಜು ಕರಗಿರಲಿಲ್ಲ. ಭತ್ತದ ಗದ್ದೆಗಳ ಮೇಲೆ ಬಿಳಿ ಸೆರಗು ಹಾಸಿದಂತಿತ್ತು. ನಾಗಲಿಂಗ ಕಾಗದದ ಸುರುಳಿಗಳನ್ನು ಎದೆಗವಚಿಕೊಂಡು ಪಕ್ಕದಲ್ಲಿ ಕುಳಿತಿದ್ದ.

"ಅಂಜಿಕಿ ಆಗಾಕತ್ತೈತೇನ್ರಿ ಮಾಸ್ತರ?"

"ಇಲ್ರಿ... ಇಷ್ಟ ಸಾವಕಾಶ ಯಾರೂ ನನ್ನ ಕರಕೊಂಡು ಹೋಗಿರಲಿಲ್ಲ."

ಮಲಪ್ರಭೆಯ ಸೇತುವೆ ದಾಟುವಾಗ ಅವಳು ಬೇಕೆಂದೇ ಇನ್ನಷ್ಟು ನಿಧಾನ ಮಾಡಿದಳು. ನೀರಿನ ಮೇಲೆ ಬೆಳಕು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಈ ರಸ್ತೆ ಮುಗಿಯದಿರಲಿ ಎಂದುಕೊಂಡಳು ಕಾಶವ್ವ.

ಹಲಸಿಯಲ್ಲಿ ಗಾಡಿ ನಿಲ್ಲಿಸಿ ಅವಳು ಬಸ್ಸಿನಲ್ಲಿ ಮರಳಿದಳು. ನಡುವೆ ಒಂದು ದಿನ ನೀರಿನ ಟಾಕಿ, ಬ್ಯಾಟರಿ ನೋಡಿಬರಬೇಕೆಂದು ಮತ್ತೆ ಹೋದಳು. ಟಾಕಿ ತುಂಬಿತ್ತು. ಬ್ಯಾಟರಿ ಸರಿಯಾಗಿತ್ತು. ಆದರೂ ಮಧ್ಯಾಹ್ನದವರೆಗೆ ಕುಳಿತಳು!

ಅವನು ಸ್ಟೋವ್ ಹೊತ್ತಿಸಿ ಚಾ ಮಾಡಿದ. ಸಕ್ಕರೆ ಹಾಕುವುದನ್ನೇ ಮರೆತಿದ್ದ. ಅವಳು ಹೇಳದೆ ಕುಡಿದಳು. ತೆರೆದ ಹಿಂಬಾಗಿಲಿನಲ್ಲಿ ಕದಂಬರ ಕಾಲದ ಗುಡಿಯ ಶಿಖರ, ಅದರಾಚೆ ಮೋಡದ ನೆರಳು ತೊಟ್ಟ ಗುಡ್ಡ.

"ಇದನ್ನ ಯಾಕ ಕಟ್ಟಿದ್ರಿ?" ಅವನು ಮೆಲ್ಲಗೆ ಕೇಳಿದ.

ಯಾರೂ ಹಾಗೆ ಕೇಳಿರಲಿಲ್ಲ. 'ಯಾಕ ಬೇಕಿತ್ತು' ಎಂದು ಬೈದವರೇ ಎಲ್ಲ.

"ನಮ್ಮ ಶೆಡ್ಡಿಗೆ ಬಂದ ಗಾಡಿ ಎಲ್ಲಾ ಹೋಗ್ತಾವ್ರಿ. ನನಗೂ ಒಮ್ಮೆ ಹೋಗೂದಿತ್ತು. ಕಣ್ಣ ತೆಗದ್ರ ದಿನಾ ನೋಡೂ ಶೆಡ್ಡಿನ ಗ್ವಾಡಿ ಇರಬಾರದು... ಇಷ್ಟ."

ಅವನು ಸ್ಟೋವ್ ಆರಿಸಿ ಅವಳ ಕಡೆ ತಿರುಗಿದ. "ನಿಮಗೊಂದು ಮಾತು ಹೇಳೂದೈತಿ ಕಾಶವ್ವಾರ..."

"ಹೇಳ್ರಿ."

"...ಚಾ ಹೆಂಗಾಗೇತಿ?"

"ಛಲೋ ಆಗೇತಿ." ಅವಳು ಸುಳ್ಳು ಹೇಳಿದಳು. ಎದೆಯೊಳಗೆ ಯಾವುದೋ ಹಕ್ಕಿ ರೆಕ್ಕೆ ಬಡಿಯಿತು. 'ಬೇರೆ ಏನನ್ನೋ ಹೇಳಲು ಹೊರಟಿದ್ದರಲ್ಲ... ಏನದು?'

ಸೂಟಿ ಮುಗಿಯಿತು. ಗಾಡಿ ತರಲು ಹೋದ ದಿನ ಅವಳು ಗುಲಾಬಿ ಸೀರೆ ಉಟ್ಟಿದ್ದಳು. ಮರಳುವಾಗ ಖಾನಾಪುರ ಸ್ಟ್ಯಾಂಡಿನ ಬಳಿ ಚಹಾಕ್ಕೆ ನಿಂತರು. ಎದುರಿಗೆ ಪ್ರತ್ಯಕ್ಷನಾದವನು ಸಾತಪ್ಪ!

"ಅಬಬಬ! ನಾಗಲಿಂಗಪ್ಪಾ, ಇದೇನೋ ಇದು? ಫೋಟೊ ನೋಡಿ ಒಲ್ಲೆ ಅಂದ ಹುಡುಗಿ ಗಾಡ್ಯಾಗನ ಕುಂತೀಯಲ್ಲ! ಈಗ ಸ್ವಂತ ಪರೀಕ್ಷಾ ಮಾಡಾಕತ್ತಿಯೇನು?"

ಕಾಶವ್ವ ಚಹಾದ ಕಪ್ಪನ್ನು ಕೆಳಗಿಟ್ಟಳು.

ಆ ಮನೆತನ... ಇವನದೇ? ಇಷ್ಟು ದಿನ ಇವನು ಅಳೆದದ್ದು... ನನ್ನನ್ನೇ?

"ಖರೇ ಏನ್ರಿ?"

ಅವನ ಮುಖ ಬಿಳಿಚಿತು. "ಖರೇ... ಆದ್ರ ಕಾಶವ್ವಾರ, ನಾ ಮೊದಲನೇ ದಿನಾನ..."

"ಗಾಡಿ ನೋಡಾಕ ಬಂದಿದ್ರೋ, ನನ್ನೋ? ಪಾಸ್ ಆದ್ನ್ಯೋ ಇಲ್ಲೋ?"

"ಹಂಗಲ್ರಿ, ಒಂದ ಮಾತು..."

"ನಿಮ್ಮ ಬಸ್ ಅಲ್ಲಿ ನಿಂತೈತಿ."

ಅವನು ಕಾಗದದ ಸುರುಳಿಗಳನ್ನು ಇಳಿಸಿಕೊಂಡ. ಒಂದು ಜಾರಿ ಧೂಳಿಗೆ ಬಿತ್ತು. ಅವಳು ತಿರುಗಿ ನೋಡಲಿಲ್ಲ. ಮಲಪ್ರಭೆ ದಾಟುವವರೆಗೂ ಅಳಲಿಲ್ಲ. ದಾಟಿದ ಮೇಲೆ ಎದುರಿನ ರಸ್ತೆ ಕಾಣದಾಯಿತು... ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಮೂರು ವಾರ ಕಳೆದವು. ಅವನ ಎರಡು ಪತ್ರ ಬಂದವು. ಒಡೆಯದೆ ವಾಪಸು ಕಳಿಸಿದಳು.

"ಅಪ್ಪಾ, ಗಾಡಿ ಮಾರಿಬಿಡೂಣು" ಎಂದಳು ಒಂದು ಬೆಳಿಗ್ಗೆ.

ಬಸಯ್ಯ ಉಳಿ ಕೆಳಗಿಟ್ಟರು. "ಬಾಡಿಗಿ ಸಾಲವಲ್ದಂತ ಮಾರ್ತೀಯೋ, ಬ್ಯಾಸರಕ ಮಾರ್ತೀಯೋ?"

ಅವಳು ಕಸಬರಿಗೆ ಎತ್ತಿಕೊಂಡು ಹೊಟ್ಟು ಗುಡಿಸತೊಡಗಿದಳು. ಗಿರಾಕಿಗಳಿಗೆ ಸುದ್ದಿ ಮಾತ್ರ ಹೋಯಿತು.

ಆ ಭಾನುವಾರ ಬಸ್ಸಿಳಿದು ಒಬ್ಬ ಹೆಂಗಸು ಶೆಡ್ಡಿಗೆ ಬಂದರು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಕೈಯಲ್ಲೊಂದು ಬುತ್ತಿಯ ಗಂಟು.

"ಗಾಡಿ ಒಂದ ದಿನಕ್ಕ ಬೇಕಾಗಿತ್ತು ತಂಗಿ. ಹಲಸಿಗೆ."

ಹಲಸಿ! ಆ ಹೆಸರು ಕೇಳಿಯೇ ಕಾಶವ್ವನ ಒಳಗೆ ಚುಚ್ಚಿದಂತಾಯಿತು. "ಮಾರಾಕ ಇಟ್ಟೇನ್ರಿ ಅದನ್ನ..."

"ಮಾರೂಕಿಂತ ಮೊದಲ ನನ್ನ ಒಮ್ಮೆ ಕುಂದರಸಕೊಂಡು ಹೋಗು. ಎಂದೂ ಕುಂತಿಲ್ಲ."

ಆ ದನಿಯಲ್ಲಿ ಏನಿತ್ತೋ... ಕಾಶವ್ವ ಚಾವಿ ತೆಗೆದುಕೊಂಡಳು.

ಮಲಪ್ರಭೆಯ ದಂಡೆಗೆ ಬಂದಾಗ ಆ ತಾಯಿಯೇ ನಿಲ್ಲಿಸಲು ಹೇಳಿದರು. ಹಿಂಬಾಗಿಲು ತೆರೆದು, ಇಬ್ಬರೂ ಮಂಚದ ಮೇಲೆ ಕುಳಿತು ರೊಟ್ಟಿ, ಶೇಂಗಾಹಿಂಡಿ ತಿಂದರು. ಆಮೇಲೆ ಆಕೆ ಸಂಕೋಚದಿಂದಲೇ ಅಡ್ಡಾದರು. ಕಾಲ ಬಳಿಯೇ ನದಿ. ಗಾಳಿಗೆ ನರೆತ ಕೂದಲು ಹಾರುತ್ತಿತ್ತು.

"ಐವತ್ತೆಂಟು ವರ್ಷ ಆದವು ನನಗ. ತವರಮನಿಯಿಂದ ಗಂಡನ ಮನಿ, ಗಂಡನ ಮನಿಯಿಂದ ತವರಮನಿ. ನಡುವ ಏನೈತಿ ಅಂತ ಒಮ್ಮೆನೂ ಇಳದು ನೋಡಲಿಲ್ಲ ನಾ."

ಕಾಶವ್ವ ಅವರ ಪಾದದ ಮೇಲೆ ಚಾದರ ಎಳೆದಳು. ಆಕೆ ಅವಳ ಕೈ ಹಿಡಿದುಕೊಂಡರು.

"ನನ್ನ ಹೆಸರು ಶಿವಲಿಂಗವ್ವ. ನಾಗಲಿಂಗನ ಅವ್ವ. ನಿನ್ನ ಫೋಟೊ ವಾಪಸ್ ಕಳಿಸಿದಾಕಿ ನಾನ."

ಕಾಶವ್ವ ಕೈ ಬಿಡಿಸಿಕೊಳ್ಳಲು ನೋಡಿದಳು. ಆಗಲಿಲ್ಲ.

"ಅಂವಗ ಒಂದ ಮಾತೂ ಕೇಳಿರಲಿಲ್ಲ ನಾ. ನಿನ್ನ ಫೋಟೊ ಅಂವಗ ತೋರಿಸಿದ್ದು ಸಾತಪ್ಪ. ನೋಡಿದ್ದ, ಹೂಂ ಅನ್ನಾವಿದ್ದ... ಅಷ್ಟರಾಗ ನಾ ಕಳಿಸಿಬಿಟ್ಟಿದ್ದೆ. ಆ ಹುಡುಗೀನ ಒಲ್ಲೆ ಅಂದ್ಳು ಅಂತ ಸುಳ್ಳ ಹೇಳಿದೆ. ಹತ್ತಿರ ಹತ್ತಿರ ಒಂದ ವರ್ಷಕ್ಕ ಅಂವಗ ಖರೇ ತಿಳೀತು. ಎರಡ ದಿನ ನನ್ನ ಕೂಡ ಮಾತಾಡಲಿಲ್ಲ. ಕ್ಷಮಾ ಕೇಳಿ ಬರ್ತೇನಿ ಅಂತ ನಿಮ್ಮಲ್ಲಿಗೆ ಬಂದಾವ, ಬಾಡಿಗಿ ಮಾತಾಡಿ ಬಂದ! ಯಾಕೋ ಅಂದ್ರ... 'ಅವ್ವಾ, ಆಕಿ ಮುಂದ ಬಾಯಿನ ಬರಲಿಲ್ಲ' ಅಂದ."

ನದಿ ಹರಿಯುತ್ತಿತ್ತು. ಕಾಶವ್ವನ ಕಣ್ಣಲ್ಲಿ ಎಲ್ಲ ಕಲಸಿಹೋಗಿತ್ತು.

'ಒಂದು ಮಾತು ಎಂದು ಬೇಡಿಕೊಂಡಿದ್ದರು... ನಾನು ಆ ಒಂದು ಮಾತನ್ನೂ ಕೇಳಲಿಲ್ಲ!'

"ಗಾಡಿ ಮಾರ್ತಿ ಅಂತ ಕೇಳಿ ತಡಕೊಳ್ಳಾಕ ಆಗಲಿಲ್ಲವ್ವ. ನಾ ಅಂದ ಮಾತಿಗೆ ಇದನ್ನ ಮಾರಬ್ಯಾಡ. ಅಂವ ಇವತ್ತ ಹಲಸ್ಯಾಗ ಅದಾನ. ನಾ ಬರೂದು ಅಂವಗ ಗೊತ್ತಿಲ್ಲ. ಇಲ್ಲಿಂದ ಹಿಂದಕ್ಕ ಹೊಳ್ಳೂಣಂದ್ರೂ ಆತು. ಚಾವಿ ನಿನ್ನ ಕೈಯಾಗೈತಿ."

ಕಾಶವ್ವ ಡ್ರೈವರ್ ಸೀಟಿಗೆ ಹೋಗಿ ಕುಳಿತಳು. ಕಣ್ಣೊರೆಸಿಕೊಂಡು ಚಾವಿ ತಿರುವಿದಳು. ಗಾಡಿ ಹೊರಟಿತು... ಹಲಸಿಯ ಕಡೆಗೆ.

ನಾಗಲಿಂಗ ಗುಡಿಯ ಮುಂದೆ ನೆಲದ ಮೇಲೆ ಕುಳಿತಿದ್ದ. ನೀಲಿ ಗಾಡಿ ತಿರುವಿನಲ್ಲಿ ಕಂಡಾಗ ಕನಸೇನೋ ಎಂಬಂತೆ ಕಣ್ಣುಜ್ಜಿಕೊಂಡ. ಬಾಗಿಲು ತೆರೆದು ಅವಳು ಇಳಿದಳು. ಒಳಗಿನಿಂದ ತಾಯಿಯ ದನಿ ಕೇಳಿತು.

"ನಾ ಮಲಗೇನಿ. ನನಗ ಏನೂ ಕೇಳಸಾಂಗಿಲ್ಲ!"

ಅವನು ತಬ್ಬಿಬ್ಬಾಗಿ ಎದ್ದು ನಿಂತ. "ಅವ್ವ... ನೀವು..."

"ಮೊದಲನೇ ದಿನಾನ ಯಾಕ ಹೇಳಲಿಲ್ಲ?" ಅವಳು ಅವನ ಮಾತು ತಡೆದಳು.

"ಹೇಳಿದ್ರ ನೀವು ಗಾಡಿ ಕೊಡ್ತಿರಲಿಲ್ಲ. ಗಾಡಿ ಕೊಡದಿದ್ರ... ನಿಮ್ಮನ್ನ ಮತ್ತೊಮ್ಮೆ ನೋಡಾಕ ನನಗ ಯಾವ ಕಾರಣಾನೂ ಇರ್ತಿರಲಿಲ್ಲ. ತಪ್ಪಾತು. ಹೆದರಿಕ್ಯಾಗ ತಪ್ಪ ಮಾಡಿದೆ."

"ನಾನೂ ಮಾಡಿದೆ. ಕೇಳಲೇ ಇಲ್ಲ."

ಗಾಳಿ ಬೀಸಿತು. ಗುಡ್ಡದ ಮೇಲಿನ ಬಿಸಿಲು ಜಿಂಕೆಯಂತೆ ಓಡಿಹೋಯಿತು.

"ನಾ ಗಾಡಿ ಮಾರೂದಿಲ್ಲ."

"ಮಾರಬ್ಯಾಡ್ರಿ."

"ಸೂಟಿ ಬಂದ್ರ ನಾ ಮನ್ಯಾಗ ಇರೂದಿಲ್ಲ. ಉಳದ ದಿನ ಬಾಡಿಗಿಗೂ ಕೊಡ್ತೇನಿ. ಇಲ್ಲಂದ್ರ ಅದನ್ನ ಸಾಕಾಕ ಆಗೂದಿಲ್ಲ. ಮಂದಿ ಮಾತಾಡ್ತಾರ..."

"ಮಾತಾಡ್ಲಿ. ಬಂದ ಗಾಡಿ ತೊಳಿಯೂದು ನನ್ನ ಕೆಲಸ." ಅವನು ಒಂದು ಹೆಜ್ಜೆ ಹತ್ತಿರ ಬಂದ. ಈ ಸಲ ಮಾತು ಗಂಟಲಲ್ಲಿ ನಿಲ್ಲಲಿಲ್ಲ. "ನನಗ ನೀವು ಬೇಕು. ಫೋಟೊ ನೋಡಿದ ದಿನದಿಂದ ಬೇಕು. ಗಾಡಿ ಕೆಳಗಿಂದ ಹೊರಗ ಬಂದು ಬೈದ ಮ್ಯಾಲಂತೂ... ನೀವಿಲ್ಲದ ಬದುಕ ಹೆಂಗಂತ ತಿಳೀಲಿಲ್ಲ, ಕಾಶವ್ವಾರ."

ಅವಳ ಕೆನ್ನೆಯ ಮೇಲೆ ಎರಡು ಹನಿ ಜಾರಿದವು. ಆದರೆ ತುಟಿಯಲ್ಲಿ ನಗು.

"ಹಂಗ ಅನಬ್ಯಾಡ್ರಿ."

"ಯಾಕ್ರಿ?" ಅವನು ಹೆದರಿದ.

"ನನ್ನವರು ಯಾರೂ ನನಗ ಕಾಶವ್ವಾರ ಅನ್ನೂದಿಲ್ಲ. ಕಾಶಿ ಅಂತಾರ."

ಬಹಳ ಮೆಲ್ಲಗೆ, ಗುಡಿಯ ಕಲ್ಲಿಗೂ ಕೇಳಿಸಬಾರದೆಂಬಂತೆ ಅವನು ಅಂದ.

"...ಕಾಶಿ."

ಅವಳು ಕಣ್ಣು ಮುಚ್ಚಿಕೊಂಡಳು.

"ಇನ್ನೊಮ್ಮೆ ಅನ್ರಿ."