ನೆಲ ಕಚ್ಚಿದ ಪೆಡಲ್

"ಅತ್ತೆ, ನಾನು ಮಾಡದ ತಪ್ಪಿಗೆ ಕ್ಷಮೆ ಕೇಳಲ್ಲ. ಕೆಲಸ ಹೋದರೆ ಹೋಗಲಿ!"

ಎದುರಿನ ಗ್ಯಾರೇಜಿನ ಮೆಕ್ಯಾನಿಕ್ ಹುಡುಗಿ ನಮ್ಮ ಬಾಗಿಲಲ್ಲಿ ನಿಂತು ಹೀಗೆಂದಾಗ ಅವಳ ಕೈಯಲ್ಲಿ ಇನ್ನೂ ಗ್ರೀಸ್ ಇತ್ತು. ನನ್ನ ಸೋದರತ್ತೆ ಪತ್ರಿಕೆ ಮಡಚಿಟ್ಟರು. ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದವರು ಅವರು. ಶಿಷ್ಯರ ಸಬೂಬುಗಳನ್ನು ಕೇಳಿ ಕೇಳಿ ಸುಳ್ಳಿನ ವಾಸನೆ ಅವರ ಮೂಗಿಗೆ ಬೇಗ ಬಡಿಯುತ್ತಿತ್ತು. ಬೀದಿಯಲ್ಲಿ ಏನೇ ಎಡವಟ್ಟಾದರೂ ಜನ ಮೊದಲು ಅತ್ತೆ ಬಳಿ ಬರುತ್ತಿದ್ದರು, ಆಮೇಲೆ ಪೊಲೀಸರ ಬಳಿಗೆ. ಅವರ ಚೀಲ ಹೊತ್ತು ಹಿಂದೆ ಹೋಗುವುದು ನನ್ನ ಪಾಲಿನ ಕೆಲಸ.

ನಡೆದದ್ದು ಇಷ್ಟು. ಹಿಂದಿನ ದಿನ ಅವಳು ಸಂಚಾರಿ ಗ್ರಂಥಾಲಯದ ವ್ಯಾನಿಗೆ ಹೊಸ ಕ್ಲಚ್ ಸಿಲಿಂಡರ್ ಹಾಕಿದ್ದಳು. ಹಾಗೆ ಬದಲಿಸಿದಾಗ ಕ್ಲಚ್ ಆಯಿಲ್ ಹರಿಯುವ ಪೈಪಿನೊಳಗೆ ಗಾಳಿ ಸೇರುತ್ತದೆ. ಅದನ್ನು ತೆಗೆಯಲು ಇಬ್ಬರು ಬೇಕು. ಗ್ಯಾರೇಜಿನ ಮೇಸ್ತ್ರಿ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿದಿದ್ದರು. ಇವಳು ಕೆಳಗೆ ಮಲಗಿ, ಸಿಲಿಂಡರಿನ ನಿಪ್ಪಲ್ ಎಂಬ ಪುಟ್ಟ ತಿರುಪನ್ನು ಸಡಿಲಿಸಿ, ಗುಳ್ಳೆಗಳೊಂದಿಗೆ ಆಯಿಲ್ ಚಿಮ್ಮಿದೊಡನೆ ಮತ್ತೆ ಬಿಗಿ ಮಾಡಿದ್ದಳು. ಗುಳ್ಳೆ ನಿಲ್ಲುವ ತನಕ ಅದೇ ಕೆಲಸ. ಅಂದು ಬೆಳಿಗ್ಗೆ ಶೆಡ್ಡಿನಲ್ಲಿ ಗೇರಿನಲ್ಲಿದ್ದ ವ್ಯಾನಿನ ಕ್ಲಚ್ ತುಳಿದು ಡ್ರೈವರ್ ಕೀಲಿ ತಿರುಗಿಸಿದರೆ, ಪೆಡಲ್ ನೆಲ ಕಚ್ಚಿತು. ಕ್ಲಚ್ ಕೆಲಸ ಮಾಡದೆ ವ್ಯಾನು ಜಿಗಿದು ಗೋಡೆಗೆ ಗುದ್ದಿತು. ಡ್ರೈವರನ ಮಣಿಕಟ್ಟು ಮುರಿಯಿತು.

"ಗಾಳಿ ಸರಿಯಾಗಿ ತೆಗೆದಿಲ್ಲ ಅಂತಾರೆ ಯಜಮಾನ್ರು. ಎಲ್ಲರ ಮುಂದೆ ತಪ್ಪೊಪ್ಕೋಬೇಕಂತೆ. ಮೇಸ್ತ್ರಿ ತುಟಿ ಬಿಚ್ತಿಲ್ಲ. ಅವರ ಜಾಗಕ್ಕೆ ನನ್ನನ್ನೇ ತರೋ ಮಾತಿತ್ತು."

"ಕೆಲಸ ಮುಗಿದ ಮೇಲೆ ಗಾಡಿ ಓಡಿಸಿ ನೋಡಿದ್ರಾ?"

"ಸಂಜೆ ಡ್ರೈವರೇ ಊರೆಲ್ಲಾ ಸುತ್ತಿ ಬಂದು, ಬೆಣ್ಣೆ ಥರ ಇದೆ ಅಂದ್ರು."

"ಆಮೇಲೆ ಶೆಡ್ಡಲ್ಲಿ ಯಾರಿದ್ರು?"

"ಬೀಗ ಹಾಕೋಕೆ ಮೇಸ್ತ್ರಿ, ಯಜಮಾನ್ರು. ಕರ್ಕೊಂಡು ಹೋಗೋಕೆ ನನ್ನಣ್ಣ ಬಂದಿದ್ದ. ನಾನು ಹಿತ್ತಲಲ್ಲಿ ಕೈ ತೊಳೀತಿದ್ದೆ. ಅಣ್ಣನೂ ಮೊದಲು ಇಲ್ಲೇ ಇದ್ದೋನು ಅತ್ತೆ. ನಂಗೆ ಸ್ಪ್ಯಾನರ್ ಹಿಡಿಯೋಕೆ ಕಲಿಸಿದ್ದೇ ಅವನು. ಯಜಮಾನ್ರು ಅವನನ್ನ ತೆಗೆದುಹಾಕಿದ್ರು."

ಅತ್ತೆ ಗ್ಯಾರೇಜಿಗೆ ಬಂದು, ಸೆರಗು ಸಿಕ್ಕಿಸಿಕೊಂಡು ವ್ಯಾನಿನಡಿ ಬಗ್ಗಿದರು. ನಾನು ಟಾರ್ಚ್ ಹಿಡಿದೆ. ನೆಲ ಒದ್ದೆ. ನಿಪ್ಪಲ್ಲಿನ ರಬ್ಬರ್ ಟೋಪಿ ಅದರ ಜಾಗದಲ್ಲೇ ಇತ್ತು. ಅದನ್ನು ಕಿತ್ತರೆ ನಿಪ್ಪಲ್ ಬೆರಳಿಗೇ ತಿರುಗಿತು! ಸೋರಿದ ಆಯಿಲನ್ನು ಅತ್ತೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಮೂಲೆಯಲ್ಲಿದ್ದ ಹಳೇ ನೀಲಿ ಮಡ್‌ಗಾರ್ಡ್ ಮೇಲೆ ಹರವಿದರು. "ಸಂಜೆವರೆಗೂ ಯಾರೂ ಮುಟ್ಟಬೇಡಿ."

ಗೇಟಿನಲ್ಲಿ ಹುಡುಗಿಯ ಅಣ್ಣ ಕಾಯುತ್ತಿದ್ದ. "ಕ್ಷಮೆ ಕೇಳಿ ಮುಗಿಸು ಪುಟ್ಟಿ. ಈ ಗ್ಯಾರೇಜ್ ಸಹವಾಸವೇ ಬೇಡ," ಎಂದ. ಅವನ ಸ್ಕೂಟರಿಗೆ ಹೊಸದಾಗಿ ಕೆಂಪು ಬಣ್ಣ ಹೊಡೆಸಿದ್ದ. ಪಕ್ಕದ ತಗಡಿನ ಮೇಲೆ ನಾಲ್ಕು ಉದ್ದುದ್ದ ಬೊಕ್ಕೆ ಎದ್ದಿದ್ದವು. ಎಂಥ ಕಳಪೆ ಬಣ್ಣವಪ್ಪಾ, ಅಂದುಕೊಂಡೆ.

ಸಂಜೆ ಅತ್ತೆ ಎಲ್ಲರನ್ನೂ ಶೆಡ್ಡಿಗೆ ಕರೆಸಿದರು.

"ಕ್ಷಮೆ ಕೇಳ್ತಾಳಾ ಇಲ್ವಾ?" ಯಜಮಾನರು ಗುಡುಗಿದರು.

"ಕೇಳಲ್ಲ," ಎಂದಳು ಹುಡುಗಿ.

"ಕೇಳಬೇಕಾಗಿಯೂ ಇಲ್ಲ," ಎಂದರು ಅತ್ತೆ. "ಪೈಪಲ್ಲಿ ಗಾಳಿ ಉಳಿದಿದ್ರೆ ಪೆಡಲ್ ಮೊದಲಿಂದಲೇ ಮೆತ್ತಗಿರ್ತಿತ್ತು. ನಿಪ್ಪಲ್ ಬಿಗಿ ಮಾಡೋಕೆ ಮರೆತಿದ್ರೆ ನಿನ್ನೆ ಸಂಜೆ ಗಾಡಿ ಬೀದಿ ಕೊನೇನೂ ಮುಟ್ತಿರಲಿಲ್ಲ. ಆದರೆ ಊರೆಲ್ಲಾ ಸುತ್ತಿ ಬಂತು. ಅಂದ್ಮೇಲೆ ವಾಪಸ್ ಬಂದ ನಂತರ ಯಾರೋ ನಿಪ್ಪಲ್ ಸಡಿಲ ಮಾಡಿ, ಗೊತ್ತಾಗದ ಹಾಗೆ ಟೋಪಿ ಮುಚ್ಚಿದಾರೆ. ಟೋಪಿ ಮುಚ್ಚುವಾಗ ಆಯಿಲ್ ಕೈಗೆ ಸೋರಲೇಬೇಕು."

ಮೇಸ್ತ್ರಿಯ ಮುಖ ಬಿಳಿಚಿತು. "ನನ್ನ ಮೇಲೇ ಬರುತ್ತೆ ಅಂತ ಹೆದರಿ ಸುಮ್ಮನಿದ್ದೆ ತಾಯಿ. ಪೆಡಲ್ ಗಟ್ಟಿಯಾಗೇ ಇತ್ತು."

"ಅದನ್ನ ಬೆಳಿಗ್ಗೆಯೇ ಹೇಳಬೇಕಿತ್ತು." ಅತ್ತೆ ಮಡ್‌ಗಾರ್ಡಿನಿಂದ ಬಟ್ಟೆ ಎತ್ತಿದರು. ನೀಲಿ ಬಣ್ಣ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದು ಬಂತು. "ಈ ಕ್ಲಚ್ ಆಯಿಲ್ ಬಣ್ಣವನ್ನ ತಿನ್ನುತ್ತೆ. ನಿನ್ನೆ ಅದೇ ಕೈಯಲ್ಲಿ ಒಬ್ಬರು ಸ್ಕೂಟರ್ ತಳ್ಳಿದಾರೆ. ಅಣ್ಣಯ್ಯಾ, ಆ ಬೊಕ್ಕೆ ಮೇಲೆ ನಿನ್ನ ಬೆರಳು ಇಟ್ಟು ತೋರಿಸ್ತೀಯಾ?"

ಅವನು ಕೈಯನ್ನು ಜೇಬಿಗೆ ತುರುಕಿಕೊಂಡ.

"ಗಾಡಿ ನಿಂತಲ್ಲೇ ನಿಲ್ಲುತ್ತೆ ಅಂದ್ಕೊಂಡಿದ್ದೆ," ಎಂದ ಕೊನೆಗೆ, ತಂಗಿಯತ್ತ ನೋಡಿ. "ಯಾರಿಗೂ ಪೆಟ್ಟಾಗಲಿ ಅಂತಲ್ಲ. ನನ್ನನ್ನ ಓಡಿಸಿದ ಜಾಗದಲ್ಲಿ ನೀನು ಮೇಸ್ತ್ರಿ ಆಗ್ತೀಯಾ? ನಾನು ಯಾವ ಮುಖ ಇಟ್ಕೊಂಡು ಓಡಾಡ್ಲಿ?"

ಹುಡುಗಿಯ ಕಣ್ಣು ತುಂಬಿತು, ದನಿ ಮಾತ್ರ ಅಲುಗಲಿಲ್ಲ. "ಈಗಲೇ ಆಸ್ಪತ್ರೆಗೆ ಹೋಗಿ ಡ್ರೈವರಣ್ಣನಿಗೆ ನೀನೇ ಹೇಳು. ಪೊಲೀಸ್‌ಗೆ ಹೇಳೋದು ಬಿಡೋದು ಅವರಿಗೆ ಸೇರಿದ್ದು. ನಾನು ಅಡ್ಡ ಬರಲ್ಲ."

"ಪುಟ್ಟಿ, ಮನೆಗೆ ಬಾ, ಮಾತಾಡೋಣ."

"ಕೆಲಸ ಮುಗಿಸಿ ಬರ್ತೀನಿ."

ಅವನು ತಲೆ ತಗ್ಗಿಸಿ ಹೊರಟ. ಯಜಮಾನರು ಕೆಮ್ಮಿದರು. "ನೋಡಮ್ಮಾ, ನಾನು ದುಡುಕಿದೆ. ಇವತ್ತು ಹೋಗು, ಸುಧಾರಿಸ್ಕೋ..."

ಅವಳಾಗಲೇ ಸ್ಪ್ಯಾನರ್ ಹಿಡಿದು ವ್ಯಾನಿನಡಿ ಸರಿದಿದ್ದಳು. ಒಳಗಿನಿಂದ ದನಿ ಬಂತು:

"ಯಜಮಾನ್ರೇ, ಸೀಟಿಗೆ ಹತ್ತಿ. ಒತ್ತಿ ಅಂದಾಗ ಒತ್ತಿ. ನಾನು ಹೇಳೋವರೆಗೂ ಕಾಲು ತೆಗೀಬೇಡಿ."

ಯಜಮಾನರು ಅತ್ತೆಯ ಮುಖ ನೋಡಿದರು. ಅತ್ತೆ ಬಾಗಿಲು ತೆರೆದು ಹಿಡಿದರು. ಯಜಮಾನರು ಹತ್ತಿ ಕೂತರು.